ಆಫ್ ಆದದ್ದು ಕಾರು, ಕದ್ದದ್ದು ಮಾತು



ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಹೋಗುತ್ತಿರುವ ಕಾರು ಇದ್ದಕ್ಕಿದ್ದಂತೆ ಆಫ್ ಆಗಿಬಿಡುತ್ತದೆ. ಇಂಜಿನ್ ಸತ್ತಿದೆ. ಸ್ಟೀರಿಂಗ್ ಬಂಡೆಯಂತೆ ಬಿಗಿದುಕೊಂಡಿದೆ. ಹಿಂದೆ ಲಾರಿ. ಇದನ್ನು ನೀವು ಏನೆಂದು ಕರೆಯುತ್ತೀರಿ? ನೀವು, ನಾನು, ಕಲಾಸಿಪಾಳ್ಯದ ಮೆಕ್ಯಾನಿಕ್ಕು, ಮೂವರೂ ಒಂದೇ ಮಾತು ಹೇಳುತ್ತೇವೆ: 'ಗಾಡಿ ಓಡ್ತಾ ಓಡ್ತಾನೇ ಆಫ್ ಆಯ್ತು ಸ್ವಾಮಿ, ಜೀವ ಉಳಿದದ್ದೇ ಹೆಚ್ಚು.' ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಇಂಜಿನಿಯರುಗಳು ವರ್ಷಗಟ್ಟಲೆ ಇದನ್ನು ಏನೆಂದು ಬರೆದಿಟ್ಟರು ಗೊತ್ತೆ? 'ಗ್ರಾಹಕರ ಅನುಕೂಲತೆಗೆ ಸಂಬಂಧಿಸಿದ ವಿಷಯ'!

ಅನುಕೂಲತೆಯಂತೆ. ಸೀಟು ಸ್ವಲ್ಪ ಗಟ್ಟಿ, ಏ.ಸಿ. ಸ್ವಲ್ಪ ತಣ್ಣಗಿಲ್ಲ, ಇಂಜಿನ್ ನಡುರಸ್ತೆಯಲ್ಲಿ ಸತ್ತಿತು. ಮೂರೂ ಒಂದೇ ಪಟ್ಟಿ!

ಕನ್ನಡದ ಹಕ್ಕಿನ ಪತ್ರಿಕೆಯಲ್ಲಿ ಕಾರಿನ ಕತೆ ಯಾಕೆ ಎಂದು ಮೂಗು ಮುರಿಯಬೇಡಿ. ಇದು ಕಾರಿನ ಕತೆ ಹೌದು, ಅದಕ್ಕಿಂತ ಹೆಚ್ಚಾಗಿ ಮಾತಿನ ಕತೆ. ಜನರ ಬಾಯಲ್ಲಿರುವ ನೇರ ಮಾತನ್ನು ಕಿತ್ತುಕೊಂಡು ಅದರ ಜಾಗದಲ್ಲಿ ನುಣ್ಣನೆಯ ಆಫೀಸು ಮಾತನ್ನು ಕೂರಿಸಿದರೆ ಎಷ್ಟು ಹೆಣ ಬೀಳುತ್ತದೆ ಎಂಬುದಕ್ಕೆ ಇಲ್ಲಿ ಲೆಕ್ಕ ಇದೆ. 124.

ಮೊದಲು ಸ್ಪೋರ್ಟ್ಸ್ ಕಾರಿಗೆ ಬರೋಣ. 2014ರ ಜೂನ್ ತಿಂಗಳಲ್ಲಿ ಈ ಕಂಪನಿ ತನ್ನ ಹೆಸರಾಂತ ಶೆವ್ರೊಲೆ ಕಮಾರೋ ಕಾರುಗಳನ್ನು, 2010ರಿಂದ 2014ರವರೆಗಿನ ಮಾಡೆಲ್ಲುಗಳನ್ನು, ವಾಪಸ್ ಕರೆಸಿತು. 5 ಲಕ್ಷಕ್ಕೂ ಹೆಚ್ಚು ಗಾಡಿ. ರೋಗ ಏನು? ಡ್ರೈವರನ ಮೊಣಕಾಲು! ಆ ಕಾರಿನ ಕೀಲಿ ಮಡಚುವ ಚಾಕುವಿನಂತೆ ರಿಮೋಟಿನ ಡಬ್ಬಿಯೊಳಗೇ ಮಡಚಿಕೊಳ್ಳುವಂಥದ್ದು. ಡಬ್ಬಿ ದಪ್ಪ. ಸ್ಟೀರಿಂಗಿಗೆ ಹತ್ತಿರ ಕೂತವನ ಮೊಣಕಾಲು ಆ ಡಬ್ಬಿಗೆ ತಗುಲಿದರೆ ಸಾಕು, ಕೀಲಿ 'ರನ್' ಜಾಗದಿಂದ ಹಿಂದಕ್ಕೆ ತಿರುಗಿ ಇಂಜಿನ್ ಬಂದ್. ಕಾರಿನ ತುಂಬಾ ಕಂಪ್ಯೂಟರು, ಬಾನೆಟ್ಟಿನ ಕೆಳಗೆ ನೂರಾರು ಕುದುರೆ, ಎಲ್ಲವೂ ಒಂದು ಮಂಡಿಚಿಪ್ಪಿಗೆ ಮಣಿದವು! ಸ್ವಿಚ್ಚು ನಮ್ಮ ಅಳತೆಗೆ ಸರಿಯಾಗಿಯೇ ಇದೆ ಎಂದಿತು ಕಂಪನಿ. ಕೊನೆಗೆ ಮಾಡಿದ ರಿಪೇರಿ ಏನೆಂದರೆ ಕೀಲಿಯನ್ನೂ ರಿಮೋಟನ್ನೂ ಬೇರೆ ಬೇರೆ ಮಾಡಿದ್ದು. ಅಷ್ಟೇ. ನಮ್ಮ ಯಾವ ಬೀದಿ ಬದಿಯ ಮೆಕ್ಯಾನಿಕ್ಕಾದರೂ ಅರ್ಧ ಗಂಟೆಯಲ್ಲಿ ಹೇಳುತ್ತಿದ್ದ ಮಾತು.

ಆದರೆ ಕಮಾರೋಗೆ ಈ ತಪಾಸಣೆ ನಡೆದದ್ದೇ ಅದಕ್ಕಿಂತ ಮುಂಚಿನ ಘೋರ ಕತೆಯೊಂದು ಅದೇ ವರ್ಷದ ಫೆಬ್ರವರಿಯಲ್ಲಿ ಬಯಲಾದ ಮೇಲೆ. ಕೋಬಾಲ್ಟ್ ಎಂಬ ಸಣ್ಣ ಕಾರು, ಐಯಾನ್ ಎಂಬ ಇನ್ನೊಂದು, ಜೊತೆಗೆ ಪಾಂಟಿಯಾಕ್ ಸಾಲ್ಸ್‌ಟಿಸ್ ಮತ್ತು ಸ್ಯಾಟರ್ನ್ ಸ್ಕೈ ಎಂಬ ಎರಡು ಸೀಟಿನ ಚೆಂದದ ಸ್ಪೋರ್ಟ್ಸ್ ಕಾರುಗಳು. ಇವುಗಳ ಕೀಲಿ ಸ್ವಿಚ್ಚಿನೊಳಗೆ ಕೀಲಿಯನ್ನು ಜಾಗದಲ್ಲಿ ಹಿಡಿದಿಡುವ ಪುಟ್ಟ ಸ್ಪ್ರಿಂಗು, ಅದರ ಮುಂದೆ ಒಂದು ಸಣ್ಣ ಗೂಟ. ಆ ಗೂಟ ಇರಬೇಕಾದ್ದಕ್ಕಿಂತ ಸುಮಾರು ಒಂದೂವರೆ ಮಿಲಿಮೀಟರ್ ಗಿಡ್ಡ. ಹಿಡಿತ ಸಾಲದು. ಕೀಲಿ ಗೊಂಚಲು ಭಾರವಿದ್ದರೆ, ರಸ್ತೆ ಕುಲುಕಿದರೆ, ಕೀಲಿ ತಾನಾಗಿ 'ಆಕ್ಸೆಸರಿ' ಜಾಗಕ್ಕೆ ಜಾರುತ್ತದೆ. ಆಗ ಇಂಜಿನ್ ನಿಲ್ಲುತ್ತದೆ, ಪವರ್ ಸ್ಟೀರಿಂಗ್ ಹೋಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಏರ್‌ಬ್ಯಾಗ್ ಕೂಡ ನಿದ್ದೆ ಹೋಗುತ್ತದೆ. ಕಾರು ಮರಕ್ಕೆ ಹೊಡೆಯುವ ಹೊತ್ತಿಗೆ ಕಾಯಬೇಕಾದ ಚೀಲ ಉಬ್ಬುವುದೇ ಇಲ್ಲ!

ಇದನ್ನು ಪತ್ತೆ ಹಚ್ಚಿದವರು ಯಾರು ನೋಡಿ. 2007ರಲ್ಲೇ ವಿಸ್ಕಾನ್ಸಿನ್ ರಾಜ್ಯದ ಒಬ್ಬ ಪೊಲೀಸಿನವನು ಅಪಘಾತದ ವರದಿಯಲ್ಲಿ ನೇರವಾಗಿ ಬರೆದಿದ್ದ: ಕೀಲಿ ಆಕ್ಸೆಸರಿ ಜಾಗದಲ್ಲಿತ್ತು, ಏರ್‌ಬ್ಯಾಗ್ ಬಿಚ್ಚಿಕೊಳ್ಳದಿರಲು ಅದೇ ಕಾರಣ ಇರಬಹುದು ಅಂತ. ಆ ವರದಿ ಕಂಪನಿಯ ಕಡತದಲ್ಲಿತ್ತು. ಓದಿದವರಿಲ್ಲ. ಆಮೇಲೆ 2010ರಲ್ಲಿ ಜಾರ್ಜಿಯಾದ ಒಬ್ಬ ಯುವತಿ ಸತ್ತಳು, ಅವಳ ಅಪ್ಪ ಅಮ್ಮ ಕೋರ್ಟಿಗೆ ಹೋದರು. ಅವರ ವಕೀಲರು ಹಿಡಿದ ಒಬ್ಬ ಇಂಜಿನಿಯರ್ ಮಾಡಿದ್ದು ಬಹಳ ಸರಳ ಕೆಲಸ. ಸತ್ತ ಹುಡುಗಿಯ ಕಾರಿನ ಸ್ವಿಚ್ಚು ಬಿಚ್ಚಿದ. ಡೀಲರ್ ಅಂಗಡಿಗೆ ಹೋಗಿ ಅದೇ ನಂಬರಿನ ಹೊಸ ಸ್ವಿಚ್ಚು ಕೊಂಡ. ಎರಡನ್ನೂ ತಿರುಗಿಸಿ ನೋಡಿದ. ಹೊಸದು ಬಿಗಿ, ಹಳೆಯದು ಸಡಿಲ. ಎಕ್ಸ್‌ರೇ ತೆಗೆದ. ಗೂಟದ ಉದ್ದ ಬೇರೆ! ಅಂದರೆ ಕಂಪನಿಯವರು ಮಧ್ಯದಲ್ಲಿ ಗುಟ್ಟಾಗಿ ಭಾಗ ಬದಲಿಸಿದ್ದರು, ನಂಬರ್ ಮಾತ್ರ ಬದಲಿಸಿರಲಿಲ್ಲ. ಬದಲಿಸಿದ್ದಿದ್ದರೆ ಹಳೆಯದರಲ್ಲಿ ದೋಷವಿತ್ತು ಎಂದು ಜಗತ್ತಿಗೇ ಗೊತ್ತಾಗುತ್ತಿತ್ತು.

ಸುಮಾರು 26 ಲಕ್ಷ ಕಾರು ವಾಪಸ್ ಬಂತು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. 2014ರ ಮೇ ತಿಂಗಳಲ್ಲಿ 3.5 ಕೋಟಿ ಡಾಲರ್ ದಂಡ, 2015ರಲ್ಲಿ 90 ಕೋಟಿ ಡಾಲರ್ ಇತ್ಯರ್ಥ.

ಈಗ ಮಾತಿಗೆ ಬನ್ನಿ. 2005ರಲ್ಲೇ ಕಂಪನಿ ತನ್ನ ಡೀಲರುಗಳಿಗೆ ಸುತ್ತೋಲೆ ಕಳಿಸಿತ್ತು: ಗ್ರಾಹಕರ ಕೀಲಿ ಗೊಂಚಲಿನಿಂದ ಬೇಡದ ಭಾರ ತೆಗೆಸಿ ಎಂದು. ಆ ಸುತ್ತೋಲೆಯಲ್ಲಿ 'ಇಂಜಿನ್ ನಿಂತುಹೋಗುತ್ತದೆ' ಎಂಬರ್ಥದ 'ಸ್ಟಾಲ್' ಎಂಬ ಪದವನ್ನು ಬೇಕೆಂದೇ ಬಿಡಲಾಗಿತ್ತು. ಅದು 'ಬಿಸಿ' ಪದವಂತೆ! ಸರ್ಕಾರದ ಸುರಕ್ಷತಾ ಇಲಾಖೆಯ ಕಣ್ಣು ಬೀಳುತ್ತದಂತೆ! ಪರಿಣಾಮ ಏನು? ಗ್ರಾಹಕ ಬಂದು 'ಸ್ಟಾಲ್ ಆಯಿತು' ಅನ್ನುತ್ತಾನೆ, ಡೀಲರಿನ ಹುಡುಗ ಆ ಪದ ಹಾಕಿ ಹುಡುಕುತ್ತಾನೆ, ಸುತ್ತೋಲೆ ಸಿಗುವುದಿಲ್ಲ. ರೋಗಕ್ಕೆ ಔಷಧ ಕಪಾಟಿನಲ್ಲೇ ಇದೆ, ಬಾಟಲಿಯ ಮೇಲೆ ಬೇರೆ ಹೆಸರು ಬರೆದಿದೆ.

ಇನ್ನೂ ಇದೆ. 2008ರಲ್ಲಿ ನೌಕರರಿಗೆ ತೋರಿಸಿದ ಪಾಠದಲ್ಲಿ ಯಾವ ಪದ ಬಳಸಬಾರದು ಎಂಬ ಪಟ್ಟಿಯೇ ಇತ್ತು. 'ದೋಷ' ಎನ್ನಬೇಡಿ, 'ವಿನ್ಯಾಸದಂತೆ ಕೆಲಸ ಮಾಡುತ್ತಿಲ್ಲ' ಎನ್ನಿ. 'ಸಮಸ್ಯೆ' ಎನ್ನಬೇಡಿ, 'ಸ್ಥಿತಿ' ಎನ್ನಿ, 'ವಿಷಯ' ಎನ್ನಿ. ಸರ್ಕಾರದ ಜೊತೆಗಿನ 2014ರ ಒಪ್ಪಂದದಲ್ಲಿ ಈ ಪಟ್ಟಿ ಅಚ್ಚಾಗಿ ಬಂದು ಇಡೀ ಅಮೆರಿಕ ನಕ್ಕಿತು. ಸತ್ತವರ ಮನೆಯವರು ನಗಲಿಲ್ಲ. ಕಂಪನಿಯೇ ನೇಮಿಸಿದ ವಕೀಲ ವಾಲುಕಾಸ್ ಕೊಟ್ಟ ವರದಿಯಲ್ಲಿ ಇನ್ನೊಂದು ಸೊಗಸಾದ ಸಂಗತಿ ಇದೆ: 'ಜಿ.ಎಂ. ತಲೆಯಾಡಿಸುವಿಕೆ'. ಸಭೆಯಲ್ಲಿ ಎಲ್ಲರೂ 'ಹೌದು, ಏನಾದರೂ ಮಾಡಬೇಕು' ಎಂದು ತಲೆಯಾಡಿಸುವುದು, ಹೊರಗೆ ಬಂದ ಮೇಲೆ ಯಾರೂ ಏನೂ ಮಾಡದಿರುವುದು. (ಕನ್ನಡದ ಬಗ್ಗೆ ವಿಧಾನಸೌಧದಲ್ಲಿ ನಡೆಯುವ ಸಭೆಗಳು ನೆನಪಾದರೆ ಅದಕ್ಕೆ ನಾನು ಹೊಣೆಯಲ್ಲ.)

ಹಾಗಾದರೆ ಓಡುವ ಗಾಡಿ ಆಫ್ ಆದರೆ ರೋಗ ಕಂಡುಹಿಡಿಯುವುದು ಹೇಗೆ? ನೀವು ಪೋರ್ಷೆ ಓಡಿಸುವವರೋ, ಅಪ್ಪನ ಹಳೆಯ ಮಾರುತಿ ಓಡಿಸುವವರೋ, ಇ.ಎಂ.ಐ. ಕಟ್ಟುತ್ತಿರುವ ಬೈಕಿನವರೋ, ಮೊದಲ ಉಪಕರಣ ನಿಮ್ಮ ಬಾಯಿ. ಆಗಿದ್ದನ್ನು ಆದ ಹಾಗೆ ಹೇಳುವುದು. ಇದರಲ್ಲಿ ಕನ್ನಡ ಎಷ್ಟು ಶ್ರೀಮಂತ ಎಂದು ಒಮ್ಮೆ ಕೇಳಿಸಿಕೊಳ್ಳಿ.

'ಕೆಮ್ಮಿ ಕೆಮ್ಮಿ ನಿಂತಿತು' ಅಂದರೆ ಬಹುತೇಕ ಪೆಟ್ರೋಲು ಸರಿಯಾಗಿ ಸಿಕ್ಕಿಲ್ಲ. ಪಂಪು, ಫಿಲ್ಟರು ನೋಡಬೇಕು. 'ಟಪ್ಪಂತ ಆಫಾಯ್ತು' ಅಂದರೆ ಕರೆಂಟು ಕಡಿದಿದೆ. ಕೀಲಿ ಸ್ವಿಚ್ಚು, ರಿಲೇ, ಸೆನ್ಸರು. 'ಲೈಟು ಮಂಕಾಗ್ತಾ ಆಗ್ತಾ ಮೆತ್ತಗೆ ಜೀವ ಹೋಯ್ತು' ಅಂದರೆ ಆಲ್ಟರ್ನೇಟರು ಚಾರ್ಜ್ ಮಾಡುತ್ತಿಲ್ಲ, ಗಾಡಿ ಬ್ಯಾಟರಿಯ ಉಳಿತಾಯ ತಿಂದು ಮುಗಿಸಿದೆ. 'ಗುಂಡಿಗೆ ಇಳಿದಾಗ ಆಫಾಯ್ತು' ಅಂದರೆ ಎಲ್ಲೋ ಲೂಸ್ ಕಾಂಟ್ಯಾಕ್ಟ್. 'ಬಿಸಿ ಆದ್ಮೇಲೆ ನಿಲ್ಲುತ್ತೆ, ಒಂದು ಟೀ ಕುಡಿದು ಬರೋಷ್ಟರಲ್ಲಿ ಸ್ಟಾರ್ಟ್ ಆಗುತ್ತೆ' ಅಂದರೆ ಕ್ರ್ಯಾಂಕ್ ಸೆನ್ಸರಿನ ಮೇಲೆ ಮೊದಲ ಅನುಮಾನ, ರಿಲೇ ಮೇಲೆ ಎರಡನೆಯದು. ಐದು ಮಾತು, ಐದು ದಾರಿ. ಈ ಐದನ್ನೂ ಒಂದೇ ಇಂಗ್ಲಿಷ್ ಪದಕ್ಕೆ ಇಳಿಸಿ ಫಾರಂ ತುಂಬಿದರೆ ನಾಲ್ಕು ದಾರಿ ಅಲ್ಲಿಗೇ ಮುಚ್ಚಿಹೋಯಿತು.

ಎರಡನೆಯ ಪ್ರಶ್ನೆ: ಏನೇನು ಸತ್ತಿತು? ಹಾರ್ನ್ ಒತ್ತಿ, ಹೆಡ್‌ಲೈಟ್ ಹಾಕಿ. ಎಲ್ಲವೂ ಸತ್ತಿದ್ದರೆ ಬ್ಯಾಟರಿ ಟರ್ಮಿನಲ್ಲು, ಮುಖ್ಯ ಫ್ಯೂಸು, ಅರ್ತಿಂಗ್ ಪಟ್ಟಿ. ಲೈಟು ಹಾರ್ನ್ ಇದ್ದು ಇಂಜಿನ್ ಮಾತ್ರ ಸತ್ತಿದ್ದರೆ ರಿಲೇ, ಸೆನ್ಸರು, ಸ್ವಿಚ್ಚು. ರೇಡಿಯೋ ಹಾಡುತ್ತಿದೆ, ಇಂಜಿನ್ ಇಲ್ಲ, ಮೀಟರಿನ ದೀಪಗಳೂ ಇಲ್ಲ? ಕೀಲಿ ಎಲ್ಲಿದೆ ಎಂದು ಮೊದಲು ನೋಡಿ. ಗಾಡಿ ಗೇರಿನಲ್ಲಿ ಇನ್ನೂ ಉರುಳುತ್ತಿರುವಾಗಲೇ ಆರ್.ಪಿ.ಎಂ. ಮುಳ್ಳು ಧೊಪ್ಪನೆ ಸೊನ್ನೆಗೆ ಬಿತ್ತೋ, ಇಂಜಿನ್ನಿನ ಜೊತೆ ಮೆಲ್ಲಗೆ ಇಳಿಯಿತೋ? ಧೊಪ್ಪನೆ ಬಿದ್ದರೆ ಸಿಗ್ನಲ್ಲೋ ಕರೆಂಟೋ ಹೋಗಿದೆ. ಮೆಲ್ಲಗೆ ಇಳಿದರೆ ಪೆಟ್ರೋಲಿನ ಕಡೆ ತಿರುಗಿ. ಒಂದು ಕ್ಷಣದ ಈ ನೋಟ ಸಾವಿರಾರು ರೂಪಾಯಿ ಉಳಿಸುತ್ತದೆ.

ಆಮೇಲೆ ಮೀಟರು ಹಿಡಿಯಿರಿ. ಆರಾಮದಲ್ಲಿರುವ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು. ಇಂಜಿನ್ ಓಡುವಾಗ 13.5ರಿಂದ 14.5. ಇಲ್ಲಿ ಬಹಳ ಜನ ಮೋಸ ಹೋಗುವ ಜಾಗ ಒಂದಿದೆ. ಅರ್ತಿಂಗ್ ವೈರಿಗೆ ಮೀಟರ್ ಇಟ್ಟು 'ಬೀಪ್ ಬಂತು, ವೈರ್ ಸರಿ ಇದೆ' ಅನ್ನುತ್ತಾರೆ. ಒಳಗೆ ಎಲ್ಲ ಎಳೆ ಕೊಳೆತು ಒಂದೇ ಒಂದು ಎಳೆ ಉಳಿದಿದ್ದರೂ ಬೀಪ್ ಬರುತ್ತದೆ! ಆ ಒಂದು ಎಳೆ ಸ್ಟಾರ್ಟರಿಗೆ ಬೇಕಾದ ಕರೆಂಟು ಹೊರುತ್ತದೆಯೇ? ಮಾಡಬೇಕಾದ ಪರೀಕ್ಷೆ ಇದು: ಮೀಟರಿನ ಒಂದು ಮುಳ್ಳು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ, ಗೆಳೆಯ ಸೆಲ್ಫ್ ಹೊಡೆಯಲಿ. 0.2 ವೋಲ್ಟಿಗಿಂತ ಸ್ಪಷ್ಟವಾಗಿ ಜಾಸ್ತಿ ತೋರಿಸಿದರೆ ಅರ್ತಿಂಗ್ ದಾರಿ ಹಾಳಾಗಿದೆ. ಸ್ಪೋರ್ಟ್ಸ್ ಕಾರಿನಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ತೂಕ ಸರಿದೂಗಿಸಲು ಬ್ಯಾಟರಿಯನ್ನು ಇಂಜಿನ್ನಿನಿಂದ ದೂರ ಇಡುತ್ತಾರೆ. ಹಳೆಯ ಮಜ್ದಾ ಮಿಯಾಟಾದಲ್ಲಿ ಅದು ಡಿಕ್ಕಿಯಲ್ಲಿ, ಪೋರ್ಷೆ 911ರಲ್ಲಿ ಇಂಜಿನ್ ಹಿಂದೆ, ಬ್ಯಾಟರಿ ಮುಂದೆ. ಕೇಬಲ್ ಉದ್ದವಾದಷ್ಟೂ ರೋಗಕ್ಕೆ ಜಾಗ ಹೆಚ್ಚು.

ಸ್ಕ್ಯಾನರ್ ಹಾಕಿಸಿದೆ, ಏನೂ ಬರಲಿಲ್ಲ ಎನ್ನುವವರಿಗೆ ಒಂದು ಮಾತು. ಕೀಲಿ ಸ್ವಿಚ್ಚು ಕೈಕೊಟ್ಟಾಗ ಗಾಡಿಯ ಕಂಪ್ಯೂಟರಿಗೆ ಅನಿಸುವುದು ಏನು? ಮಾಲೀಕನೇ ಆಫ್ ಮಾಡಿದ ಅಂತ! ಅದು ಯಾಕೆ ದೂರು ಬರೆದಿಡುತ್ತದೆ? ಯಂತ್ರ ಮೌನವಾಗಿದೆ ಎಂದ ಮಾತ್ರಕ್ಕೆ ರೋಗ ಇಲ್ಲ ಎಂದಲ್ಲ. ಆಗ ಇಂಜಿನ್ ಸ್ಟಾರ್ಟ್ ಇಟ್ಟು ಕೀಲಿಯನ್ನು ಮೆಲ್ಲಗೆ ಅಲುಗಾಡಿಸಬೇಕು, ವೈರುಗಳನ್ನು ಒಂದೊಂದಾಗಿ ಕುಲುಕಬೇಕು, ರಿಲೇ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಬೇಕು.

ರಿಲೇ ಎಂದಾಗ ಒಂದು ಕತೆ ಬೇಕೇ ಬೇಕು. 1980ರ ದಶಕದ ಪೋರ್ಷೆ 944, 911 ಕರೇರಾ ಗಾಡಿಗಳಲ್ಲಿ ಇಂಜಿನ್ ಕಂಪ್ಯೂಟರಿಗೂ ಪೆಟ್ರೋಲ್ ಪಂಪಿಗೂ ಕರೆಂಟು ಕೊಡುವ ಡಿ.ಎಂ.ಇ. ರಿಲೇ ಎಂಬ ಪುಟ್ಟ ಡಬ್ಬಿ ಇದೆ. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು. ವರ್ಷಗಳ ಬಿಸಿಗೆ, ಕುಲುಕಾಟಕ್ಕೆ ಒಳಗಿನ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಗಾಡಿ ಟಪ್ಪಂತ ಆಫ್. ತಣ್ಣಗಾದರೆ ಬೆಸುಗೆ ಮತ್ತೆ ಕೂಡಿಕೊಂಡು ಸ್ಟಾರ್ಟ್! ಗ್ಯಾರೇಜಿಗೆ ಒಯ್ದರೆ ಏನೂ ಆಗಿಲ್ಲ ಎಂಬಂತೆ ಓಡುತ್ತದೆ. ತಿಳಿದ ಮಾಲೀಕರು ಗ್ಲೋವ್‌ಬಾಕ್ಸಿನಲ್ಲಿ ಇನ್ನೊಂದು ರಿಲೇ ಇಟ್ಟುಕೊಂಡೇ ಹೊರಡುತ್ತಾರೆ. ಆ ಗಾಡಿಯ ಇಂಜಿನ್ ಕಂಪ್ಯೂಟರ್ ಮಾಡಿದ್ದು ಜರ್ಮನಿಯ ಬಾಷ್. ಆ ಬಾಷ್ ನಮ್ಮ ಆಡುಗೋಡಿಗೆ 1950ರ ದಶಕದಲ್ಲೇ ಮೈಕೋ ಎಂಬ ಹೆಸರಿನಲ್ಲಿ ಬಂತು. ಬೆಂಗಳೂರಿನ ಒಂದು ಬಡಾವಣೆಗೆ ಇವತ್ತಿಗೂ ಮೈಕೋ ಲೇಔಟ್ ಎಂದೇ ಹೆಸರು. ಅಲ್ಲಿ ಕನ್ನಡದ ಕೈಗಳು ದಶಕಗಟ್ಟಲೆ ಕೆಲಸ ಮಾಡಿವೆ. ಆ ಕೈಗಳಿಗೆ ಗೊತ್ತಿದ್ದ ವಿದ್ಯೆ ಕನ್ನಡದಲ್ಲಿ ಎಷ್ಟು ಪುಸ್ತಕವಾಗಿದೆ? ಗಾಂಧಿನಗರದಿಂದ ಗಾಂಧಿಬಜಾರಿನವರೆಗೆ ಅಂಗಡಿ ಅಂಗಡಿ ಸುತ್ತಿ ನೋಡಿ. ಅಡುಗೆ ಪುಸ್ತಕ ಸಿಗುತ್ತದೆ, ಜ್ಯೋತಿಷ್ಯ ಸಿಗುತ್ತದೆ!

ನಮ್ಮೂರಿನ ಸರ್ವೀಸ್ ಸೆಂಟರಿಗೆ ಬನ್ನಿ. ಗಾಜಿನ ಬಾಗಿಲು, ಕಾಫಿ ಮಿಷೀನು, ಟೈ ಕಟ್ಟಿದ ಹುಡುಗ. ನೀವು ಕನ್ನಡದಲ್ಲಿ ಇಡೀ ಕತೆ ಹೇಳುತ್ತೀರಿ: ಸಿಲ್ಕ್ ಬೋರ್ಡ್ ಹತ್ರ ಗುಂಡಿಗೆ ಇಳೀತು, ಟಪ್ಪಂತ ಆಫಾಯ್ತು, ಲೈಟೂ ಹೋಯ್ತು, ಎರಡು ನಿಮಿಷಕ್ಕೆ ತಾನಾಗಿ ಬಂತು. ಆತ ಟ್ಯಾಬ್ ತಟ್ಟಿ ಇಂಗ್ಲಿಷಿನಲ್ಲಿ ಎರಡು ಪದ ಬರೆಯುತ್ತಾನೆ: ಸ್ಟಾರ್ಟಿಂಗ್ ಪ್ರಾಬ್ಲಂ. ಗುಂಡಿ ಹೋಯಿತು, ಟಪ್ಪ್ ಹೋಯಿತು, ಲೈಟು ಹೋಯಿತು. ಒಳಗೆ ಕೆಲಸ ಮಾಡುವ ಹುಡುಗ ಹಾವೇರಿಯವನೋ ತುಮಕೂರಿನವನೋ, ಐ.ಟಿ.ಐ. ಓದಿದವನು, ಗುಂಡಿ ಎಂದಿದ್ದರೆ ನೇರವಾಗಿ ಅರ್ತಿಂಗಿಗೆ ಕೈ ಹಾಕುತ್ತಿದ್ದ. ಅವನ ಕೈಗೆ ಬರುವುದು ಆ ಎರಡು ಪದ. ಅವನು ಹೊಸ ಬ್ಯಾಟರಿ ಹಾಕುತ್ತಾನೆ. ನೀವು ಬಿಲ್ಲು ಕಟ್ಟುತ್ತೀರಿ. ಗಾಡಿ ಮುಂದಿನ ಗುಂಡಿಯಲ್ಲಿ ಮತ್ತೆ ಆಫ್. ಕನ್ನಡ ಬಲ್ಲ ಮಾಲೀಕ, ಕನ್ನಡ ಬಲ್ಲ ಮೆಕ್ಯಾನಿಕ್ಕು, ಇಬ್ಬರ ನಡುವೆ ಇಬ್ಬರಿಗೂ ಬೇಡದ ಭಾಷೆಯ ಗೋಡೆ!

2024ರಲ್ಲಿ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಕಡ್ಡಾಯವಾಯಿತು. ಅದಕ್ಕಾಗಿ ಬೀದಿಗಿಳಿದವರಿಗೆ ನಮಸ್ಕಾರ. ಆದರೆ ಹೊರಗಿನ ಬೋರ್ಡಿನಲ್ಲಿ 60, ಒಳಗಿನ ಜಾಬ್ ಕಾರ್ಡಿನಲ್ಲಿ ಸೊನ್ನೆ, ಇದು ಯಾವ ಲೆಕ್ಕ? ಬೋರ್ಡು ಓದಿ ಯಾರ ಜೀವವೂ ಉಳಿಯುವುದಿಲ್ಲ. ಜಾಬ್ ಕಾರ್ಡಿನಲ್ಲಿ ಉಳಿಯಬಹುದು.

ಆಗದ ಮಾತು ಎನ್ನುವವರಿಗೆ ಮತ್ತೆ ಕಮಾರೋ ಕತೆಯೇ ಉತ್ತರ. 1993ರಿಂದ 2002ರವರೆಗೆ ಈ ಕಾರು ತಯಾರಾದದ್ದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸೇಂಟ್ ತೆರೇಸ್ ಕಾರ್ಖಾನೆಯಲ್ಲಿ. ಅಲ್ಲಿಯ ಜನ ಫ್ರೆಂಚರು, ಮೇಲಿನವರ ಭಾಷೆ ಇಂಗ್ಲಿಷ್. 1970ರಲ್ಲಿ ಅಲ್ಲಿಯ ಕಾರ್ಮಿಕರು ಮುಷ್ಕರ ಹೂಡಿದಾಗ ಸಂಬಳದ ಜೊತೆಗೆ ಒಂದು ಮುಖ್ಯ ಬೇಡಿಕೆ: ಕಾರ್ಖಾನೆಯ ಕೆಲಸದ ಭಾಷೆ ಫ್ರೆಂಚ್ ಆಗಬೇಕು. ಯಾರ ವಿರುದ್ಧ? ಇದೇ ಜನರಲ್ ಮೋಟಾರ್ಸ್ ವಿರುದ್ಧ! ಏಳು ವರ್ಷದ ನಂತರ, 1977ರಲ್ಲಿ, ಕ್ವಿಬೆಕ್ ಕಾಯ್ದೆ ತಂದಿತು. ಮಾರುವ ವಸ್ತುವಿನ ಬಳಕೆಯ ಸೂಚನೆ, ವಾರಂಟಿ ಪತ್ರ ಎಲ್ಲವೂ ಫ್ರೆಂಚಿನಲ್ಲಿರಬೇಕು. ಮಾಲೀಕರು ಕಾರ್ಮಿಕರಿಗೆ ಬರೆಯುವುದು ಫ್ರೆಂಚಿನಲ್ಲಿರಬೇಕು. ಇಂಗ್ಲಿಷಿನ ಸಮುದ್ರದ ನಡುವೆ ದ್ವೀಪದಂತೆ ಕೂತ ಅವರಿಗೆ ಸಾಧ್ಯವಾದದ್ದು ಆರೂವರೆ ಕೋಟಿ ಜನರ ನಮಗೆ ಯಾಕಾಗದು?

ನಮ್ಮ ಪಂಡಿತರು ಇಲ್ಲಿ ಅಡ್ಡ ಬರುವುದು ಬೇಡ. ಆಲ್ಟರ್ನೇಟರಿಗೆ 'ಪರ್ಯಾಯ ವಿದ್ಯುಜ್ಜನಕ' ಎಂದು ಹೆಸರಿಟ್ಟು ಸನ್ಮಾನ ಮಾಡಿಸಿಕೊಂಡರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ರಿಲೇ ರಿಲೇ ಆಗಿಯೇ ಇರಲಿ, ಫ್ಯೂಸು ಫ್ಯೂಸಾಗಿಯೇ ಇರಲಿ. ವಸ್ತುವಿನ ಹೆಸರು ಎಲ್ಲಿಂದಲಾದರೂ ಬರಲಿ, ಆಗಿದ್ದನ್ನು ಹೇಳುವ ವಾಕ್ಯ ನಮ್ಮದಾಗಿರಲಿ.

ಇನ್ನೊಂದು ವಿಷಯ, ಇದು ಕಾನೂನಿನದು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110-ಎ ಕಲಂ ಪ್ರಕಾರ ದೋಷವಿರುವ ಗಾಡಿಗಳನ್ನು ವಾಪಸ್ ಕರೆಸಲು ಕೇಂದ್ರ ಸರ್ಕಾರ ಕಂಪನಿಗೆ ಆದೇಶ ಕೊಡಬಹುದು. ಎಷ್ಟು ಮಾಲೀಕರು ದೂರು ಕೊಟ್ಟಿದ್ದಾರೆ ಎಂಬುದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ನಿಮ್ಮ ದೂರು 'ಸ್ಟಾರ್ಟಿಂಗ್ ಪ್ರಾಬ್ಲಂ' ಎಂದು ದಾಖಲಾದರೆ ಓಡುವಾಗ ಆಫ್ ಆದ ಗಾಡಿಗಳ ಲೆಕ್ಕದಲ್ಲಿ ನೀವು ಇಲ್ಲವೇ ಇಲ್ಲ.

ಆದ್ದರಿಂದ ಈ ವಾರವೇ ಮಾಡಿ. ನಿಮ್ಮ ಕೀಲಿ ಗೊಂಚಲು ತೆಗೆದು ನೋಡಿ: ಮನೆ ಕೀಲಿ, ಅಂಗಡಿ ಕೀಲಿ, ಬೀರು ಕೀಲಿ, ಬಾಟಲಿ ಓಪನರು. ಎಲ್ಲ ಕಳಚಿ. ಕೆಂಪು ಹಳದಿ ಬಾವುಟದ ಕೀಚೈನು ಇರಲಿ ಬಿಡಿ, ಅದು ಹಗುರ. ಓಡುತ್ತಿರುವಾಗ ಗಾಡಿ ಆಫ್ ಆದರೆ ಸ್ಟೀರಿಂಗ್ ಎರಡೂ ಕೈಯಲ್ಲಿ ಗಟ್ಟಿ ಹಿಡಿಯಿರಿ, ಬ್ರೇಕನ್ನು ಪಂಪ್ ಮಾಡದೆ ಒಂದೇ ಸಮ ಒತ್ತಿ, ಯಾಕೆಂದರೆ ಬೂಸ್ಟರಿನಲ್ಲಿ ಉಳಿದಿರುವುದು ಒಂದೆರಡು ಒತ್ತಿಗೆ ಆಗುವಷ್ಟು ಮಾತ್ರ. ಕೀಲಿಯನ್ನು ಪೂರ್ತಿ ಹಿಂದಕ್ಕೆ ಲಾಕ್ ಕಡೆ ತಿರುಗಿಸಲೇಬೇಡಿ, ಸ್ಟೀರಿಂಗ್ ಕಚ್ಚಿಕೊಳ್ಳುತ್ತದೆ. ಪಕ್ಕಕ್ಕೆ ನಿಲ್ಲಿಸಿದ ಮೇಲೆ ಮೊಬೈಲಿನಲ್ಲಿ ಅಲ್ಲೇ ಬರೆದುಕೊಳ್ಳಿ: ಎಷ್ಟು ಗಂಟೆ, ಎಷ್ಟು ವೇಗ, ಯಾವ ರಸ್ತೆ, ಏನೇನು ಸತ್ತಿತು, ಎಷ್ಟು ಹೊತ್ತಿಗೆ ಬಂತು.

ಸರ್ವೀಸ್ ಸೆಂಟರಿನಲ್ಲಿ ಆ ಬರಹವನ್ನು ಹಾಗೆಯೇ, ಕನ್ನಡದಲ್ಲಿ, ಜಾಬ್ ಕಾರ್ಡಿಗೆ ಸೇರಿಸಲು ಹೇಳಿ. ಸಿಸ್ಟಮ್ಮಿನಲ್ಲಿ ಕನ್ನಡ ಬರಲ್ಲ ಸಾರ್ ಎನ್ನುತ್ತಾನೆ ಆ ಹುಡುಗ. ಅವನ ಮೇಲೆ ರೇಗಬೇಡಿ, ಅವನೂ ಸಂಬಳಕ್ಕೆ ದುಡಿಯುವವನು. ಕಾಗದ ಕೇಳಿ ಪಡೆಯಿರಿ, ಕೈಯಲ್ಲಿ ಬರೆಯಿರಿ, ಸಹಿ ಹಾಕಿ, ಅವನ ಸೀಲು ಹಾಕಿಸಿ, ಒಂದು ಜೆರಾಕ್ಸ್ ಇಟ್ಟುಕೊಂಡು ಬನ್ನಿ.